ನಿಲ್ಲಿಸಿದ ಮೇಲೂ ಡಸ್ಟ್ ಕಲೆಕ್ಟರಿನ ಚೀಲದಿಂದ ಸುಟ್ಟ ವಾಸನೆ: ಪ್ರತಿಕ್ರಿಯೆ

ಉಳಿ ಮಸೆಯುವ ಗ್ರೈಂಡರನ್ನೂ ಮರದ ಹೊಟ್ಟು ಎಳೆಯುವ ಡಸ್ಟ್ ಕಲೆಕ್ಟರಿಗೇ ಜೋಡಿಸಿರುವುದಾಗಿ ನೀವು ಬರೆದಿರುವುದರಿಂದ, ಯಂತ್ರ ನಿಲ್ಲಿಸಿ ಗಂಟೆಯಾದರೂ ಚೀಲದಿಂದ ಬರುತ್ತಿರುವ ಸುಟ್ಟ ವಾಸನೆಗೆ ಬಹುಮಟ್ಟಿಗೆ ಕಬ್ಬಿಣದ ಕಿಡಿಯೇ ಕಾರಣ. ಅದು ಹೊಟ್ಟಿನೊಳಗೆ ಬೂದಿ ಮುಚ್ಚಿದ ಕೆಂಡದಂತೆ ಗಂಟೆಗಟ್ಟಲೆ ಅಡಗಿರಬಲ್ಲದು.

ಮೊದಲು ಪ್ಲಗ್ ಕಿತ್ತುಬಿಡಿ. ಪರೀಕ್ಷಿಸಲೆಂದು ಮತ್ತೆ ಚಾಲೂ ಮಾಡಿದರೆ ಕೆಂಡಕ್ಕೆ ಊದುಕೊಳವೆ ಹಿಡಿದಂತಾಗುತ್ತದೆ. ಚೀಲ ಬಿಸಿಯಾಗಿದ್ದರೆ ಅಥವಾ ಹೊಗೆ ಕಂಡರೆ ಅದನ್ನು ಬಿಚ್ಚದೆ ಹೊರಗೆ ಬಂದು 112ಕ್ಕೆ ಕರೆ ಮಾಡಿ. ತಣ್ಣಗಿದ್ದರೂ ಒಳಗೆ ಕೆಂಡವಿದೆಯೆಂದೇ ಎಣಿಸಿ, ಧೂಳೇಳದಂತೆ ನಿಧಾನವಾಗಿ ಅಂಗಳಕ್ಕೆ ಒಯ್ದು, ಹೊಟ್ಟನ್ನು ನೀರು ಚಿಮುಕಿಸಿ ಪೂರ್ತಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಗೋಡೆಯಿಂದ ದೂರ ಇಡಿ.

ವಾಸನೆ ಮೋಟಾರಿನ ಕಡೆಯಿಂದ ಬರುತ್ತಿದ್ದರೆ ಸುರುಳಿ ಸುಟ್ಟಿರಲೂಬಹುದು. ಅದನ್ನು ವೈಂಡಿಂಗ್ ಮಾಡುವವರೇ ನೋಡಬೇಕು. ಗ್ರೈಂಡರನ್ನಂತೂ ಈ ಪೈಪಿನಿಂದ ಇಂದೇ ಬೇರ್ಪಡಿಸಿ.