ಎದುರಿನ ಟವರ್ ಕಣ್ಣಿಗೆ ಕಂಡರೆ ಸಾಕೇ?

ಪ್ರಶ್ನೆ: 24 ಕಿ.ಮೀ. ದೂರದ ಎರಡು ಟವರ್‌ಗಳ ನಡುವೆ 6 ಗಿಗಾಹರ್ಟ್ಸ್ ಮೈಕ್ರೋವೇವ್ ಲಿಂಕ್ (ರೇಡಿಯೋ ಅಲೆಯ ನೇರ ಸಂಪರ್ಕ) ಹಾಕಬೇಕಿದೆ. ‘ಎ’ ತುದಿಯ ನೆಲ ಸಮುದ್ರಮಟ್ಟದಿಂದ 620 ಮೀಟರ್, ‘ಬಿ’ ತುದಿಯದು 605. ಆಂಟೆನಾಗಳನ್ನು ಕ್ರಮವಾಗಿ 30 ಮತ್ತು 35 ಮೀಟರ್ ಎತ್ತರದಲ್ಲಿ ಕೂರಿಸುವ ಯೋಚನೆ. ಎ ಕಡೆಯಿಂದ 8 ಕಿ.ಮೀ.ಗೆ ಒಂದು ದಿಬ್ಬವಿದೆ: ನೆಲ 612 ಮೀಟರ್, ಮೇಲೆ 12 ಮೀಟರ್ ಮರಗಳು. ಟವರ್ ಹತ್ತಿ ದುರ್ಬೀನಿನಲ್ಲಿ ನೋಡಿದರೆ ಎದುರಿನ ಟವರ್ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ಸಾಕಲ್ಲವೇ?

ಉತ್ತರ: ಸಾಲದು. ಕಣ್ಣಿಗೆ ಬೇಕಾದದ್ದು ದಾರದಷ್ಟು ತೆಳುವಾದ ದಾರಿ. ರೇಡಿಯೋ ಅಲೆಗೆ ಆ ದಾರದ ಸುತ್ತ ದಪ್ಪನೆಯ ಜಾಗ ಬೇಕು, ಎರಡೂ ತುದಿಯಲ್ಲಿ ಸಣ್ಣಗಿದ್ದು ನಡುವೆ ಉಬ್ಬಿದ ಸೌತೆಕಾಯಿಯ ಹಾಗೆ. ಇದೇ ಮೊದಲ ಫ್ರೆನೆಲ್ ವಲಯ. ಅಡ್ಡಿಯಿರುವ ಜಾಗದಲ್ಲಿ ಇದರ ತ್ರಿಜ್ಯ ತಿಳಿಯಲು ಎರಡೂ ತುದಿಗಳಿಂದ ಅಲ್ಲಿಗಿರುವ ದೂರಗಳನ್ನು (ಕಿ.ಮೀ.) ಗುಣಿಸಿ, ಆವರ್ತನ (ಗಿಗಾಹರ್ಟ್ಸ್) ಮತ್ತು ಒಟ್ಟು ದೂರದ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು 17.3ರಿಂದ ಗುಣಿಸಿ. ನಿಮ್ಮ ದಿಬ್ಬದ ಮೇಲೆ 8 × 16 = 128; 6 × 24 = 144; ತ್ರಿಜ್ಯ 16.3 ಮೀಟರ್.

ಇನ್ನು ಭೂಮಿಯ ಉಬ್ಬು. ನಕ್ಷೆಯಲ್ಲಿ ನೆಲ ಚಪ್ಪಟೆ, ನಿಜದಲ್ಲಿ ಅದು ದಾರಿಯ ನಡುವೆ ಮೇಲೆದ್ದಿರುತ್ತದೆ. ಗಾಳಿಯಲ್ಲಿ ಅಲೆ ಸ್ವಲ್ಪ ನೆಲದ ಕಡೆಗೆ ಬಾಗುವುದರಿಂದ ಈ ಉಬ್ಬು ಕಡಿಮೆಯಾದಂತೆ ಆಗುತ್ತದೆ. ಎಷ್ಟು ಎಂಬುದನ್ನು ‘ಕೆ’ ಅಂಶ ಹೇಳುತ್ತದೆ. ಎರಡು ದೂರಗಳ ಗುಣಲಬ್ಧವನ್ನು 12.75 × ಕೆ ಇಂದ ಭಾಗಿಸಿದರೆ ಉಬ್ಬು ಮೀಟರ್‌ಗಳಲ್ಲಿ ಸಿಗುತ್ತದೆ. ಸಾಮಾನ್ಯ ದಿನ ಕೆ 4/3: ದಿಬ್ಬದ ಮೇಲೆ 7.5 ಮೀಟರ್. ಮಂಜು ಕವಿದ ಕೆಲವು ಮುಂಜಾವುಗಳಲ್ಲಿ ಅಲೆ ಬಾಗುವ ದಿಕ್ಕೇ ತಿರುಗಿ ಕೆ 2/3ರವರೆಗೆ ಇಳಿಯಬಹುದು. ಆಗ ಉಬ್ಬು 15.1 ಮೀಟರ್. ಅಂದರೆ ನೀವು ಮಧ್ಯಾಹ್ನ ನೋಡಿದ ದಿಬ್ಬ ಬೆಳಗಿನ ಜಾವ ಏಳೂವರೆ ಮೀಟರ್ ಎದ್ದು ನಿಂತಂತೆ.

ಈಗ ಕೂಡಿಸೋಣ. ಮರ ಬೆಳೆಯುವುದಕ್ಕೆ 5 ಮೀಟರ್ ಬಿಟ್ಟರೆ ಅಡ್ಡಿಯ ತುದಿ 629 ಮೀಟರ್. ಆಂಟೆನಾಗಳು 650 ಮತ್ತು 640ರಲ್ಲಿ, ಹಾಗಾಗಿ ದಿಬ್ಬದ ಮೇಲೆ ನೇರ ರೇಖೆಯ ಎತ್ತರ 646.7. ಅದರಿಂದ ಅಡ್ಡಿಯ ಎತ್ತರವನ್ನೂ ಉಬ್ಬನ್ನೂ ಕಳೆದರೆ ಸಾಮಾನ್ಯ ದಿನ 10.2 ಮೀಟರ್ ತೆರವು ಉಳಿಯುತ್ತದೆ, ತ್ರಿಜ್ಯದ ಶೇ. 60ಕ್ಕಿಂತ ತುಸು ಹೆಚ್ಚು. ಶೇ. 60 ತೆರವಿದ್ದರೆ ನಷ್ಟ ಬಹುತೇಕ ಇಲ್ಲ, ಆದ್ದರಿಂದಲೇ ಎಷ್ಟೋ ಜನ ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ತಪ್ಪಾಗುವುದು ಅಲ್ಲೇ. ಕೆ 2/3 ಆದ ದಿನ ಉಳಿಯುವುದು ಬರೀ 2.6 ಮೀಟರ್.

ಬೆನ್ನೆಲುಬಿನಂಥ ಲಿಂಕ್‌ಗಳಿಗೆ ಹಳೆಯ, ನಂಬಬಹುದಾದ ಕಟ್ಟಳೆ ಇದು: ಕೆ 4/3 ಇದ್ದಾಗ ತ್ರಿಜ್ಯದ ಪೂರ್ತಿ ತೆರವು, ಕೆ 2/3 ಇದ್ದಾಗ ಶೇ. 30 ತೆರವು, ಇವೆರಡರಲ್ಲಿ ಯಾವುದು ಹೆಚ್ಚು ಎತ್ತರ ಕೇಳುತ್ತದೋ ಅದು. ನಿಮ್ಮಲ್ಲಿ ಮೊದಲನೆಯದು 652.8 ಮೀಟರ್ ಕೇಳುತ್ತದೆ, ಎರಡನೆಯದು 649. ದಿಬ್ಬದ ಮೇಲೆ ರೇಖೆ ಇನ್ನೂ 6.1 ಮೀಟರ್ ಏರಬೇಕು.

ಯಾವ ಟವರ್‌ನಲ್ಲಿ ಏರಿಸುವುದು? ಅಡ್ಡಿಗೆ ಹತ್ತಿರದ ಕಡೆ. ಎ ಆಂಟೆನಾವನ್ನು ಒಂದು ಮೀಟರ್ ಏರಿಸಿದರೆ ದಿಬ್ಬದ ಮೇಲೆ ರೇಖೆ ಮೂರರಲ್ಲಿ ಎರಡು ಪಾಲು ಮೀಟರ್ ಏರುತ್ತದೆ. ಬಿ ಏರಿಸಿದರೆ ಒಂದೇ ಪಾಲು. ಆದ್ದರಿಂದ ಎ ತುದಿಯನ್ನು 40 ಮೀಟರ್‌ಗೆ ಒಯ್ದರೆ ಕೆಲಸ ಆಯಿತು. ಬಿ ಕಡೆಯಿಂದಲೇ ಇದನ್ನು ಸಾಧಿಸಲು 18 ಮೀಟರ್‌ಗೂ ಹೆಚ್ಚು ಬೇಕು. ಇದೇ ಲೆಕ್ಕವನ್ನು ದಾರಿಯುದ್ದಕ್ಕೂ ಎತ್ತರದ ಜಾಗಗಳಲ್ಲೆಲ್ಲ ಮಾಡಿ ನೋಡಿ, ಒಂದೇ ದಿಬ್ಬವನ್ನು ನಂಬಿ ಕೂರಬೇಡಿ.

ಹಾಗೆಂದು ಸಿಕ್ಕಷ್ಟು ಎತ್ತರಕ್ಕೂ ಹೋಗಬೇಡಿ. ದಾರಿಯಲ್ಲಿ ಕೆರೆಯೋ ನೀರು ನಿಂತ ಗದ್ದೆಯೋ ಇದ್ದರೆ ಅದರಿಂದ ಪ್ರತಿಫಲಿಸಿದ ಅಲೆ ನೇರ ಅಲೆಯನ್ನು ಕುಗ್ಗಿಸಬಹುದು. ಒಂದು ತುದಿ ಎತ್ತರ, ಇನ್ನೊಂದು ತಗ್ಗು ಮಾಡಿ ಪ್ರತಿಫಲನದ ಬಿಂದುವನ್ನು ಕಾಡಿನ ಮೇಲೆ ಬೀಳಿಸುವುದು ಒಳ್ಳೆಯದು.

ಪ್ರಶ್ನೆ: ಉಪಗ್ರಹ ನಕ್ಷೆಯ ಎತ್ತರಗಳನ್ನೇ ಬಳಸಿ ದಾರಿಯ ಪಾರ್ಶ್ವಚಿತ್ರ (ನೆಲದ ಏರಿಳಿತದ ಚಿತ್ರ) ತಯಾರಿಸಿದರೆ ಸ್ಥಳಕ್ಕೆ ಹೋಗಬೇಕೇ?

ಉತ್ತರ: ಹೋಗಲೇಬೇಕು. ಬಹಳ ಜನ ಬಳಸುವ ಎಸ್‌ಆರ್‌ಟಿಎಂ ಎತ್ತರಗಳು 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದವು. ಆಮೇಲೆ ಎದ್ದ ಕಟ್ಟಡ ಅದರಲ್ಲಿಲ್ಲ. ದಟ್ಟ ಕಾಡಿನಲ್ಲಿ ಅದು ತೋರಿಸುವುದು ನೆಲವೂ ಅಲ್ಲ, ಮರದ ತುದಿಯೂ ಅಲ್ಲ, ನಡುವಿನ ಯಾವುದೋ ಮಟ್ಟ. ಅಳತೆಯ ಬಿಂದುಗಳ ನಡುವೆ ಸುಮಾರು 30 ಮೀಟರ್ ಅಂತರ, ಚೂಪಾದ ಕೋಡು ತಪ್ಪಿಹೋಗಬಹುದು. ಲೆಕ್ಕ ಬಿಗಿಯಾಗಿ ಬಂದ ಜಾಗಗಳಿಗೆ ಹೋಗಿ ಮರ, ಕಟ್ಟಡಗಳನ್ನು ಅಳೆಯಿರಿ. ಟವರ್‌ನ ಮುಂದಿನ ಅರ್ಧ ಕಿಲೋಮೀಟರನ್ನೂ ಮರೆಯಬೇಡಿ. ಎದ್ದುನಿಂತ ನೀರಿನ ಟ್ಯಾಂಕ್ ಅಲ್ಲೇ ಇರುತ್ತದೆ. ಬಿಸಿಲಿರುವಾಗ ಒಂದು ತುದಿಯಿಂದ ಕನ್ನಡಿಯಲ್ಲಿ ಬೆಳಕು ಹೊಡೆದು ಇನ್ನೊಂದು ತುದಿಯಿಂದ ನೋಡುವುದು ಸುಲಭ ಪರೀಕ್ಷೆ, ಆದರೆ ಅದು ದಾರದಷ್ಟು ದಾರಿಯನ್ನಷ್ಟೇ ಖಚಿತಪಡಿಸುತ್ತದೆ.

ಪ್ರಶ್ನೆ: 24 ಕಿ.ಮೀ., 6 ಗಿಗಾಹರ್ಟ್ಸ್, ಎರಡೂ ಕಡೆ 1.8 ಮೀಟರ್ ಡಿಶ್. ಲೆಕ್ಕದ ಪ್ರಕಾರ ಸಂಕೇತದ ಬಲ ಮೈನಸ್ 34 ಡಿಬಿಎಂ ಬರಬೇಕು, ಬರುವುದು ಮೈನಸ್ 57. ದಾರಿಗೆ ಏನಾದರೂ ಅಡ್ಡ ಬಂದಿದೆಯೇ?

ಉತ್ತರ: ಮೊದಲು ಡಿಶ್‌ಗಳನ್ನು ಅನುಮಾನಿಸಿ. ಒಂದು ಚೂಪಾದ ಅಡ್ಡಿಯ ತುದಿ ರೇಖೆಗೆ ತಾಗಿದರೂ ನಷ್ಟ ಸುಮಾರು 6 ಡಿಬಿ. ಇಪ್ಪತ್ತಕ್ಕೂ ಹೆಚ್ಚು ಡಿಬಿ ಹೋಗಿ, ಮಟ್ಟ ದಿನವಿಡೀ ಸ್ಥಿರವಾಗಿದ್ದರೆ ಒಂದು ಡಿಶ್ ಮುಖ್ಯ ಕಿರಣದ ಬದಲು ಪಕ್ಕದ ದುರ್ಬಲ ಕಿರಣಕ್ಕೆ (ಸೈಡ್ ಲೋಬ್) ಕೂತಿರುವ ಸಾಧ್ಯತೆಯೇ ಹೆಚ್ಚು. ಈ ಡಿಶ್‌ನ ಮುಖ್ಯ ಕಿರಣ ಸುಮಾರು 2 ಡಿಗ್ರಿ ಅಗಲ. ಒಂದು ತುದಿಯನ್ನು ಅಲುಗಾಡಿಸದೆ, ಇನ್ನೊಂದನ್ನು ಅಡ್ಡಡ್ಡವಾಗಿ ಎಡಕ್ಕೂ ಬಲಕ್ಕೂ ಐದಾರು ಡಿಗ್ರಿ ನಿಧಾನವಾಗಿ ತಿರುಗಿಸಿ: ಸಣ್ಣದು, ದೊಡ್ಡದು, ಸಣ್ಣದು ಎಂದು ಮೂರು ಶಿಖರಗಳು ಕಾಣಬೇಕು. ನಡುವಿನದರಲ್ಲಿ ಬಿಗಿ ಮಾಡಿ, ಆಮೇಲೆ ಮೇಲೆ-ಕೆಳಗೆ ಹೀಗೇ ಮಾಡಿ, ನಂತರ ಎದುರಿನ ತುದಿ. ಎಲ್ಲ ಸರಿಯಾಗಿಯೂ ಮಟ್ಟ ಏರದಿದ್ದರೆ ಎರಡು ಕಡೆಯ ಫೀಡ್‌ಗಳ (ಡಿಶ್‌ಗೆ ಅಲೆ ಕೊಡುವ, ತೆಗೆದುಕೊಳ್ಳುವ ಭಾಗ) ಧ್ರುವೀಕರಣ, ಅಂದರೆ ಅಲೆ ಕಂಪಿಸುವ ದಿಕ್ಕು, ನೋಡಿ. ಒಂದು ನೆಟ್ಟಗೆ, ಇನ್ನೊಂದು ಅಡ್ಡ ಕೂತಿದ್ದರೆ 25-30 ಡಿಬಿ ಹಾಗೇ ಮಾಯವಾಗುತ್ತದೆ.