ಪರದೆ ಮಿಣುಕಿದ ಮಾತ್ರಕ್ಕೆ ಪ್ಯಾನೆಲ್ ಹೋಗಿದೆ ಎನ್ನಬೇಡಿ

ಪ್ರಶ್ನೆ: ಶರಣು. ನಾನು ಸೇಡಂ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ. ನನ್ನ ಆರು ವರ್ಷ ಹಳೆಯ ಲ್ಯಾಪ್‌ಟಾಪ್‌ನ ಪರದೆ ಕೆಲವು ದಿನಗಳಿಂದ ಮಿಣುಕುತ್ತಿದೆ. ಪೂರ್ತಿ ತೆರೆದರೆ ಕಪ್ಪಾಗುತ್ತದೆ, ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಚಿತ್ರ ಮರಳುತ್ತದೆ. ಒಮ್ಮೊಮ್ಮೆ ಎಡಗಡೆ ಹಸಿರು ಗೆರೆಗಳು ಮೂಡುತ್ತವೆ. ಅಂಗಡಿಯವರು ಕೈಯಲ್ಲಿ ಹಿಡಿದು ನೋಡಿ, ‘ಪ್ಯಾನೆಲ್ ಹೋಗಿದೆ, ಆರೂವರೆ ಸಾವಿರ’ ಎಂದರು. ಮಗ ಹೊಸದನ್ನೇ ಕೊಳ್ಳೋಣ ಎನ್ನುತ್ತಾನೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವೂ ಅದರಲ್ಲೇ ಇವೆ. ಏನು ಮಾಡಲಿ?

ಉತ್ತರ: ಶರಣು ಅಕ್ಕನವರೇ. ಆರೂವರೆ ಸಾವಿರವನ್ನು ಸದ್ಯ ಪೆಟ್ಟಿಗೆಯಲ್ಲೇ ಇಡಿ. ಬಾಗಿಸಿದರೆ ಚಿತ್ರ ಮರಳುತ್ತದೆ ಎಂದು ಬರೆದಿದ್ದೀರಲ್ಲ, ರೋಗದ ಹೆಸರು ಬಹುಮಟ್ಟಿಗೆ ಅಲ್ಲೇ ಇದೆ. ಕೆಟ್ಟ ಪ್ಯಾನೆಲ್‌ಗೆ, ಅಂದರೆ ಚಿತ್ರ ಮೂಡುವ ಪರದೆಯ ಫಲಕಕ್ಕೆ, ಮುಚ್ಚಳ ಯಾವ ಕೋನದಲ್ಲಿದೆ ಎಂಬುದರ ಪರಿವೆ ಸಾಮಾನ್ಯವಾಗಿ ಇರುವುದಿಲ್ಲ. ಪರಿವೆ ಇರುವುದು ಕೇಬಲ್‌ಗೆ. ಮದರ್‌ಬೋರ್ಡ್ ಎಂಬ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್‌ನಿಂದ ಪರದೆಗೆ ಹೋಗುವ ಸಣ್ಣ ಕೇಬಲ್ ಕೀಲಿನ ಪಕ್ಕದಲ್ಲೇ ಹಾದುಹೋಗುತ್ತದೆ. ಬಾವಿಯ ಹಗ್ಗ ರಾಟೆ ತಾಗುವ ಕಡೆ ಸವೆಯುವಂತೆ, ಅದೂ ಮಡಚುವ ಜಾಗದಲ್ಲೇ ಸವೆಯುತ್ತದೆ. ಚಿತ್ರ ಮತ್ತು ಹಿಂಬದಿಯ ಬೆಳಕಿಗೆ ಬೇಕಾದ ವಿದ್ಯುತ್ ಎರಡೂ ಅದರಲ್ಲೇ ಹರಿಯುವುದರಿಂದ ಒಮ್ಮೆ ಗೆರೆ, ಒಮ್ಮೆ ಕತ್ತಲೆ.

ಆದರೂ ನನ್ನ ಮಾತನ್ನು ನಂಬಿ ಕೂರಬೇಡಿ, ಮನೆಯಲ್ಲೇ ಪರೀಕ್ಷಿಸಿ. ಗೆರೆ ಕಂಡಾಗ ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ಗೆ ಕಳುಹಿಸಿ ನೋಡಿ. ಅದರಲ್ಲಿ ಗೆರೆ ಇಲ್ಲದಿದ್ದರೆ ತಪ್ಪು ವಿಂಡೋಸ್‌ನದಲ್ಲ, ಪರದೆಯ ಕಡೆಯದು. ಆಮೇಲೆ ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿ, ವಿಂಡೋಸ್ ಗುಂಡಿಯ ಜೊತೆ ‘ಪಿ’ ಒತ್ತಿ, ಎರಡೂ ಕಡೆ ಒಂದೇ ಚಿತ್ರ ಬರುವ ಆಯ್ಕೆಯನ್ನು ಆರಿಸಿ. ಟಿವಿಯಲ್ಲಿ ಚಿತ್ರ ಶುಭ್ರವಾಗಿದ್ದರೆ ಚಿತ್ರವನ್ನು ಸಿದ್ಧಮಾಡುವ ಗ್ರಾಫಿಕ್ಸ್ ಚಿಪ್‌ನ ಚಿಂತೆಯನ್ನು ಬಿಡಬಹುದು. ಅಂದಹಾಗೆ, ಅಂಕಪಟ್ಟಿಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಳ್ಳಲು ಇದೇ ಹೊತ್ತು. ರಿಪೇರಿಗೆ ಕೊಡುವ ಮುನ್ನ ಆ ಕೆಲಸ ಮುಗಿದಿರಲಿ.

ಇನ್ನೊಂದು ಪರೀಕ್ಷೆ. ಪರದೆ ಕಪ್ಪಾದಾಗ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾಗಿಯಾದರೂ ಅಕ್ಷರ, ಚಿತ್ರ ಕಂಡರೆ ಚಿತ್ರ ಬರುತ್ತಿದೆ, ಹಿಂಬದಿಯ ಬೆಳಕು ಮಾತ್ರ ಆರಿದೆ ಎಂದರ್ಥ. ಇದಕ್ಕೂ ಕೇಬಲ್ ಕಾರಣವಿರಬಹುದು, ಬೋರ್ಡಿನ ಮೇಲಿನ ಸಣ್ಣ ಫ್ಯೂಸ್ ಕೂಡ ಇರಬಹುದು. ಮುಚ್ಚಳವನ್ನು ಹೇಗೆ ತಿರುಗಿಸಿದರೂ ಗೆರೆ ಅದೇ ಜಾಗದಲ್ಲಿ ಅಲ್ಲಾಡದೆ ನಿಂತಿದ್ದರೆ ಮಾತ್ರ ಅಂಗಡಿಯವರ ಮಾತು ನಿಜವಾಗುವ ಸಂಭವ ಹೆಚ್ಚು. ಗಾಜಿನ ಅಂಚಿಗೆ ಅಂಟಿಸಿದ ಸೂಕ್ಷ್ಮ ಪಟ್ಟಿಗಳು ಬಿಟ್ಟಾಗ ಹಾಗಾಗುತ್ತದೆ, ಅದನ್ನು ಮತ್ತೆ ಕೂರಿಸುವುದು ನಮ್ಮಂಥವರ ಮೇಜಿನ ಮೇಲೆ ಆಗುವ ಕೆಲಸವಲ್ಲ. ಅಂಚನ್ನು ಒತ್ತಿ ಹಿಡಿದರೆ ಗೆರೆ ಹೋಗುತ್ತದೆ ಎಂದು ತೋರಿಸುವ ವಿಡಿಯೊಗಳಿವೆ. ಕೈ ಬಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಅವರು ತೋರಿಸುವುದಿಲ್ಲ.

ಅಂಗಡಿಗೆ ಹೋದಾಗ ‘ಮೊದಲು ಕೇಬಲ್ ತೆಗೆದು ಮತ್ತೆ ಕೂರಿಸಿ ನೋಡಿ’ ಎಂದು ಕೇಳಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕೇಬಲ್ ಬದಲಿಸಬೇಕಾದರೂ ಅದರ ಬೆಲೆ ಪ್ಯಾನೆಲ್‌ಗಿಂತ ಬಹಳ ಕಡಿಮೆ. ತೊಂದರೆ ಏನೆಂದರೆ, ಕೇಬಲ್ ಆಯಾ ಮಾದರಿಗೆ ಮೀಸಲು, ಊರಿನಲ್ಲಿ ಸಿಗದೆ ತರಿಸಬೇಕಾಗಬಹುದು. ಪ್ಯಾನೆಲ್ ಹಾಗಲ್ಲ, ಒಂದೇ ಪ್ಯಾನೆಲ್ ಹಲವು ಮಾದರಿಗಳಿಗೆ ಹೊಂದುತ್ತದೆ. ಅಂಗಡಿಗಳಿಗೆ ಪ್ಯಾನೆಲ್ ಮೇಲೆ ಅಷ್ಟು ಪ್ರೀತಿ ಏಕೆ ಎಂಬುದಕ್ಕೆ ಇದೂ ಒಂದು ಕಾರಣ, ಲಾಭವೊಂದೇ ಅಲ್ಲ.

ಕೊನೆಗೂ ಪ್ಯಾನೆಲ್ಲೇ ಹಾಕಬೇಕಾಗಿ ಬಂದರೆ ‘15.6 ಇಂಚಿನದು ಕೊಡಿ’ ಎಂದರೆ ಸಾಲದು. ಹಳೆಯದರ ಬೆನ್ನಿನ ಚೀಟಿಯ ಮೇಲಿನ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಕೇಬಲ್ ಕೂರುವ ಜಾಗ 30 ಪಿನ್ನಿನದೋ 40 ಪಿನ್ನಿನದೋ, ಚಿತ್ರಬಿಂದುಗಳ (ಪಿಕ್ಸೆಲ್) ಲೆಕ್ಕ 1366×768 ಇದೆಯೋ 1920×1080 ಇದೆಯೋ, ಎಲ್ಲವೂ ತಾಳೆಯಾಗಬೇಕು. ಬಿಚ್ಚುವಾಗ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯುತ್ತಾರೋ ಇಲ್ಲವೋ ಗಮನಿಸಿ. ತೆಗೆಯದೆ ಕೇಬಲ್ ಎಳೆದು ಚುಚ್ಚಿದರೆ ನಾನು ಮೇಲೆ ಹೇಳಿದ ಫ್ಯೂಸ್ ಸುಡಬಹುದು. ಆಗ ಹೊಸ ಪ್ಯಾನೆಲ್ ಹಾಕಿದರೂ ಕತ್ತಲೆಯೇ. ತೆಗೆದ ಹಳೆಯ ಪ್ಯಾನೆಲ್ಲನ್ನು ಕೇಳಿ ಪಡೆಯಿರಿ, ಅದು ನಿಮ್ಮದು.

ಇನ್ನು ಕೀಲು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿರುವ ನನ್ನ ಮೇಜಿಗೆ ಬರುವ ಲ್ಯಾಪ್‌ಟಾಪ್‌ಗಳನ್ನು ಜನ ತೆರೆಯುವ ರೀತಿ ನೋಡಿದರೆ ಮೈ ಉರಿಯುತ್ತದೆ. ಒಂದು ಮೂಲೆ ಹಿಡಿದು ಎತ್ತುತ್ತಾರೆ! ಆ ಎಳೆತವೆಲ್ಲ ಒಂದೇ ಕೀಲಿನ ಮೇಲೆ ಬಿದ್ದು, ಸ್ಕ್ರೂ ಹಿಡಿದಿರುವ ಪ್ಲಾಸ್ಟಿಕ್ ಬಿರಿಯುತ್ತದೆ. ಬಿರಿದ ಕೀಲು ಕೇಬಲ್ಲನ್ನು ಕಚ್ಚುತ್ತದೆ. ಮುಚ್ಚಳದ ಮೇಲಂಚಿನ ನಡುವೆ ಹಿಡಿದು ತೆರೆಯಿರಿ. ನಿಮ್ಮದರ ಕೀಲು ಬಿಗಿಯಾಗಿದ್ದರೆ ಅದನ್ನೂ ಇದೇ ಸಲ ಸಡಿಲ ಮಾಡಿಸಿ. ಇಲ್ಲದಿದ್ದರೆ ಹೊಸ ಕೇಬಲ್ಲೂ ಅದೇ ಹಾದಿ ಹಿಡಿಯುತ್ತದೆ. ಮಗನಿಗೆ ಹೇಳಿ, ಹೊಸದು ಕೊಳ್ಳುವ ಮಾತು ಟಿವಿಯಲ್ಲೂ ಚಿತ್ರ ಕೆಟ್ಟು ಬಂದರೆ ಮಾತ್ರ.

ಪ್ರಶ್ನೆ: ನಾನು ಬೀದರ್‌ನ ಡಿಪ್ಲೊಮಾ ವಿದ್ಯಾರ್ಥಿನಿ. ಟೈಪ್ ಮಾಡುವಾಗ ಪರದೆ ತಟ್ಟನೆ ಆರಿಹೋಗುತ್ತದೆ, ಕೈ ಎತ್ತಿದರೆ ಮರಳುತ್ತದೆ. ಎಡಗೈಯಲ್ಲಿ ಅಜ್ಜಿ ಕೊಟ್ಟ ಬಿದರಿ ಬಳೆ, ಸ್ಮಾರ್ಟ್‌ವಾಚ್ ಎರಡೂ ಇವೆ. ಬಳೆಯ ಲೋಹದಿಂದ ಹೀಗಾಗುತ್ತದೆ ಎಂದು ಗೆಳತಿ ಹೇಳುತ್ತಾಳೆ. ನಿಜವೇ?

ಉತ್ತರ: ಅಜ್ಜಿಯ ಬಳೆ ನಿರಪರಾಧಿ, ತಂಗಿ. ಬಿದರಿ ಎಂದರೆ ಸತು ಮತ್ತು ತಾಮ್ರದ ಮಿಶ್ರಲೋಹ, ಮೇಲೆ ಬೆಳ್ಳಿಯ ಕುಸುರಿ. ಇವು ಯಾವುವೂ ಅಯಸ್ಕಾಂತದ ಜಾತಿಯಲ್ಲ. ಆ ವಾಚಿನ ಪಟ್ಟಿಯನ್ನು ನೋಡಿ, ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಪಟ್ಟಿಯೇ ಇರಬೇಕು. ಮುಚ್ಚಳ ಮುಚ್ಚಿದೆ ಎಂದು ತಿಳಿಯಲು ಲ್ಯಾಪ್‌ಟಾಪ್‌ಗಳು ಪರದೆಯ ಅಂಚಿನಲ್ಲಿ ಸಣ್ಣ ಅಯಸ್ಕಾಂತವನ್ನೂ ಕೀಲಿಮಣೆಯ ಬದಿಯಲ್ಲಿ ಅದನ್ನು ಗ್ರಹಿಸುವ ಸಂವೇದಕವನ್ನೂ ಇಟ್ಟುಕೊಂಡಿರುತ್ತವೆ. ನಿಮ್ಮ ಮಣಿಕಟ್ಟು ಅಲ್ಲಿ ತಂಗಿದಾಗ ಮುಚ್ಚಳ ಮುಚ್ಚಿತೆಂದು ತಿಳಿದು ಯಂತ್ರ ನಿದ್ದೆಗೆ ಜಾರುತ್ತದೆ. ವಾಚು ಬಿಚ್ಚಿಟ್ಟು ಟೈಪ್ ಮಾಡಿ ನೋಡಿ.

ಪ್ರಶ್ನೆ: ಪರದೆಯ ಮೇಲೆ ಧೂಳು ಬಹಳ. ಯಾವ ದ್ರಾವಣದಿಂದ ಒರೆಸಬೇಕು? (ಯಾದಗಿರಿ)

ಉತ್ತರ: ಯಾವುದೂ ಬೇಡ. ಯಂತ್ರ ಆರಿಸಿ, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಮೊದಲು ನೀರು ತಾಗಿಸದೆ ಒಣದಾಗಿಯೇ ಒರೆಸಿ. ಕಲೆ ಹೋಗದಿದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿಕೊಳ್ಳಿ. ಪರದೆಯ ಮೇಲೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ. ಇಳಿದ ಹನಿ ಕೆಳಗಿನ ಚೌಕಟ್ಟಿನೊಳಗೆ ಸೇರುತ್ತದೆ, ಬಹಳಷ್ಟು ಪ್ಯಾನೆಲ್‌ಗಳ ಸರ್ಕ್ಯೂಟ್ ಪಟ್ಟಿ ಇರುವುದೂ ಅಲ್ಲೇ. ಕಿಟಕಿ ಗಾಜು ಒರೆಸುವ ನೀಲಿ ದ್ರಾವಣ ಕಿಟಕಿಗೇ ಇರಲಿ.