ದೇವರನ್ನು ನಂಬುವವರು ಪ್ರಶ್ನೆ ಕೇಳಬಹುದಾ?

ನಂಬಿಕೆ, ತರ್ಕ ಎರಡನ್ನೂ ಇಟ್ಟುಕೊಂಡರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ ಆಗಲ್ವಾ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಆಗಿಲ್ಲ.

2019ರ ಡಿಸೆಂಬರ್ 26, ಸೂರ್ಯಗ್ರಹಣ. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ನೀರಿನ ಕೊಡ, ಉಪ್ಪಿನಕಾಯಿ ಭರಣಿ ಎಲ್ಲಕ್ಕೂ ದರ್ಭೆ ಹಾಕಿದ್ದಳು. ಮೊಸರಿನ ಗಡಿಗೆ ಮಾತ್ರ ಮರೆತಿತ್ತು. ನಾನು ಗ್ರಹಣದ ಕನ್ನಡಕ ಹಾಕಿಕೊಂಡು ಮಾಳಿಗೆ ಏರಿದ್ದೆ. ಮಧ್ಯಾಹ್ನ ಕೆಳಗೆ ಬಂದು, 'ಮೊಸರೇನೂ ಕೆಟ್ಟಿಲ್ಲಲ್ಲ ಅವ್ವಾ' ಅಂದೆ. ಆಕೆ ಮೂಸಿ ನೋಡಿ, ಸುಮ್ನೆ ಬಡಿಸಿಕೊಂಡು ಉಂಡಳು. ಸಂಜೆ ಎಂದಿನಂತೆ ದೀಪ ಹಚ್ಚಿದಳು.

ಇಲ್ಲಿರುವುದು ಎರಡು ಬೇರೆ ಮಾತು. ಗ್ರಹಣದಲ್ಲಿ ಅಡುಗೆ ಕೆಡುತ್ತದಾ ಅನ್ನೋದನ್ನು ಪರೀಕ್ಷೆ ಮಾಡಿ ನೋಡಬಹುದು. ಚಂದ್ರ ಅಡ್ಡ ಬಂದರೆ ಬೀಳೋದು ನೆರಳು, ಅಷ್ಟೇ. ದೀಪದ ಮುಂದೆ ಸಿಗುವ ಸಮಾಧಾನ ಆ ಜಾತಿಯದಲ್ಲ. ಮೊದಲನೆಯದನ್ನು ಪ್ರಶ್ನಿಸಿದರೆ ಎರಡನೆಯದು ಬಿದ್ದುಹೋಗಲ್ಲ.

ನಮ್ಮ ಭಾಗಕ್ಕೆ ಇದು ಹೊಸದೂ ಅಲ್ಲ. ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫರು (1819–1889) ಮುಸ್ಲಿಂ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗೋವಿಂದ ಭಟ್ಟರನ್ನು ಗುರು ಮಾಡಿಕೊಂಡರು. ಭಕ್ತಿ ಬಿಡಲಿಲ್ಲ, ಜಾತಿಯ ಕಟ್ಟಳೆಗೆ ಸೊಪ್ಪೂ ಹಾಕಲಿಲ್ಲ.

ಹಾಂ, ಹಿರಿಯರನ್ನು ಕೇಳುವಾಗ ದನಿ ಸ್ವಲ್ಪ ತಗ್ಗಿರಲಿ. ಹಿಂದೊಮ್ಮೆ ನಾನು ನಕ್ಕು ಕೇಳಿದ್ದಕ್ಕೆ ಅವ್ವ ಎರಡು ದಿನ ಮಾತಾಡಿರಲಿಲ್ಲ.